ಟ್ರ್ಯಾಕ್ ಡೇಗೆ ಹಗುರ ಕಿಟ್ ಕಾರು: ಎಂಜಿನ್ ಆಮೇಲೆ, ಮೊದಲು ಒಳಗೆ ಕೂತು ನೋಡಿ

ಪ್ರಶ್ನೆ: ನನ್ನ ಎತ್ತರ 6 ಅಡಿ 1 ಅಂಗುಲ, ತೂಕ 88 ಕೆಜಿ. ಮೂರು ವರ್ಷದಿಂದ ಒಂದು ಟರ್ಬೊ ಹ್ಯಾಚ್‌ಬ್ಯಾಕ್ ತೆಗೆದುಕೊಂಡು ಟ್ರ್ಯಾಕ್ ಡೇಗಳಿಗೆ (ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನಗಳು) ಹೋಗುತ್ತಿದ್ದೇನೆ. ಅದರ ತೂಕ 1,350 ಕೆಜಿ. ಪ್ರತಿ ಸಲವೂ ಟೈರು, ಬ್ರೇಕ್ ಪ್ಯಾಡು ಸವೆದು ಹೋಗುತ್ತವೆ. ನಾಲ್ಕು ಲ್ಯಾಪ್ ಆಗುವಷ್ಟರಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ. ಇದನ್ನು ಬಿಟ್ಟು ಲೋಟಸ್ ಸೆವೆನ್ ಮಾದರಿಯ ಹಗುರ ಕಿಟ್ ಕಾರು (ಬಿಡಿಭಾಗಗಳಾಗಿ ಬಂದು ಜೋಡಿಸಿಕೊಳ್ಳುವ ಕಾರು) ತೆಗೆದುಕೊಳ್ಳಬೇಕೆಂದಿದ್ದೇನೆ. ಬೈಕ್ ಎಂಜಿನ್ನಿನದ್ದು ಒಳ್ಳೆಯದೋ, ಕಾರ್ ಎಂಜಿನ್ನಿನದ್ದೋ? ಎಷ್ಟು ಎಚ್‌ಪಿ ಬೇಕು? ಕಿಟ್ ತರಿಸಿ ನಾನೇ ಜೋಡಿಸಲೇ, ಯಾರಾದರೂ ಜೋಡಿಸಿದ್ದನ್ನು ಕೊಳ್ಳಲೇ?

ಉತ್ತರ: ಮೂರಕ್ಕೂ ಉತ್ತರ ಹೇಳುತ್ತೇನೆ. ಆದರೆ ನೀವು ಕೇಳದೆ ಬಿಟ್ಟ ಪ್ರಶ್ನೆಯೊಂದು ಇವೆಲ್ಲಕ್ಕಿಂತ ಮುಂಚೆ ಬರುತ್ತದೆ: ಆ ಕಾರಿನೊಳಗೆ ನಿಮ್ಮ ಮೈ ಹಿಡಿಸುತ್ತದೆಯೇ? ನಿಮ್ಮ ಮೈಕಟ್ಟಿನವರಿಗೆ ಅರ್ಧ ಆಯ್ಕೆ ಅಲ್ಲೇ ಮುಗಿದುಹೋಗುತ್ತದೆ. ಕಾಯಿಸುವುದು ಬೇಡ, ನಿಮಗೆ ನಾನು ಹೇಳುವುದು ಇಷ್ಟು: ಅಗಲ ಚಾಸಿ (ಕಾರಿನ ಮೂಲ ಚೌಕಟ್ಟು), ಕಾರ್ ಎಂಜಿನ್, 130ರಿಂದ 160 ಎಚ್‌ಪಿ, ಬೇರೆಯವರು ಜೋಡಿಸಿ ಕೆಲವು ವರ್ಷ ಓಡಿಸಿ ಅದರ ಕಿರಿಕಿರಿಗಳನ್ನೆಲ್ಲ ಸರಿಪಡಿಸಿಕೊಂಡಿರುವ ಸೆವೆನ್ ಮಾದರಿ. ಯಾಕೆ ಅನ್ನುವುದು ಉದ್ದದ ಮಾತು.

ಈ ಕಾರುಗಳ ಹುಟ್ಟು ತಿಳಿದಿದ್ದರೆ ಆಯ್ಕೆ ಸುಲಭ. ಲೋಟಸ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್ಮನ್ 1957ರಲ್ಲಿ ಲೋಟಸ್ ಸೆವೆನ್ ತಂದರು. ಆಗ ಬ್ರಿಟನ್‌ನಲ್ಲಿ ಪೂರ್ತಿ ತಯಾರಾದ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳಾಗಿ ಕೊಂಡರೆ ಇರಲಿಲ್ಲ. ಹಾಗಾಗಿ ಜನ ಕಿಟ್ ಕೊಂಡು ಮನೆಯಲ್ಲೇ ಜೋಡಿಸಿದರು. 1973ರಲ್ಲಿ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್‌ಗೆ ಹೋಯಿತು. ಆಮೇಲೆ ವೆಸ್ಟ್‌ಫೀಲ್ಡ್, ಸಿಲ್ವಾ, ದಕ್ಷಿಣ ಆಫ್ರಿಕಾದ ಬರ್ಕಿನ್, ಮನೆಯಲ್ಲೇ ಪೈಪು ಕತ್ತರಿಸಿ ಬೆಸೆಯುವ ಲೋಕಾಸ್ಟ್‌ಗಳು, ಹೀಗೆ ಒಂದು ಕುಲವೇ ಬೆಳೆಯಿತು. ಎಲ್ಲದರ ಒಳಗಿನ ಯೋಚನೆ ಒಂದೇ: ತೆಳು ಉಕ್ಕಿನ ಪೈಪುಗಳ ಪಂಜರ, ಅದರ ಮೇಲೆ ಅಲ್ಯೂಮಿನಿಯಂ ಅಥವಾ ಫೈಬರ್‌ಗ್ಲಾಸ್ ಹೊದಿಕೆ, ಮುಂದೆ ಎಂಜಿನ್, ಹಿಂದಿನ ಗಾಲಿಗೆ ಡ್ರೈವ್, ಇಬ್ಬರಿಗೆ ಜಾಗ. ಬಾಗಿಲೂ ಇಲ್ಲ, ಛಾವಣಿಯೂ ಇಲ್ಲ ಅಂದರೂ ನಡೆದೀತು.

ಹೀಗೆ ಮಾಡಿದರೆ ಸಿಗುವುದೇನು? ನಿಮ್ಮ ಮೆತ್ತಗಾಗುವ ಬ್ರೇಕ್ ಪೆಡಲನ್ನೇ ತೆಗೆದುಕೊಳ್ಳಿ. ನೀವೂ ಸೇರಿ ನಿಮ್ಮ ಹ್ಯಾಚ್‌ಬ್ಯಾಕ್ ಸುಮಾರು 1,440 ಕೆಜಿ. ಗಂಟೆಗೆ 160 ಕಿಮೀ ವೇಗದಲ್ಲಿ ಅದು ಹೊತ್ತಿರುವ ಚಲನಶಕ್ತಿ ಸುಮಾರು 1,420 ಕಿಲೋಜೂಲ್. ಕಾರು ನಿಲ್ಲಬೇಕಾದರೆ ಅದರಲ್ಲಿ ಬಹುಪಾಲು ಬ್ರೇಕ್ ಡಿಸ್ಕಿನಲ್ಲಿ ಬಿಸಿಯಾಗಿ ಹೋಗಬೇಕು. 540 ಕೆಜಿಯ ಸೆವೆನ್‌ನಲ್ಲಿ ನೀವೇ ಕೂತರೆ ಅದೇ ವೇಗದಲ್ಲಿ ಇರುವುದು ಸುಮಾರು 620 ಕಿಲೋಜೂಲ್. ಅರ್ಧಕ್ಕಿಂತ ಕಡಿಮೆ. ಪ್ರತಿ ತಿರುವಿಗೂ, ಪ್ರತಿ ಲ್ಯಾಪಿಗೂ ಹೀಗೇ. ಅದಕ್ಕೇ ಹಳೆ ಫೋರ್ಡ್ ಕಾರಿನ ಸಾಧಾರಣ ಬ್ರೇಕ್ ಹಾಕಿಕೊಂಡ ಸೆವೆನ್‌ಗಳು ಇಡೀ ದಿನ ಓಡಿ ಸಂಜೆಗೆ ಅದೇ ಪೆಡಲಿನಲ್ಲಿ ಮನೆಗೆ ಹೋಗುತ್ತವೆ. ಟೈರಿನ ಕಥೆಯೂ ಇದೇ. ಕಿಟ್ ಕಾರಿನಲ್ಲಿ ನೀವು ದುಡ್ಡು ಕೊಟ್ಟು ಕೊಳ್ಳುತ್ತಿರುವುದು ಈ ಹಗುರತನವನ್ನು. ಉಳಿದ ಯಾವ ಆಯ್ಕೆಯೂ ಇದನ್ನು ಕೆಡಿಸಬಾರದು.

ಇನ್ನು ಎಚ್‌ಪಿ. 150 ಎಚ್‌ಪಿ ಅಂದರೆ ನಿಮಗೆ ಈಗ ಕಡಿಮೆ ಅನ್ನಿಸಬಹುದು. ನೀವೂ ಸೇರಿ 630 ಕೆಜಿಗೆ 150 ಎಚ್‌ಪಿ ಅಂದರೆ ಟನ್ನಿಗೆ 238. ನಿಮ್ಮ ಹ್ಯಾಚ್‌ಬ್ಯಾಕ್ ಅಷ್ಟು ಮುಟ್ಟಬೇಕಾದರೆ ಅದಕ್ಕೆ 340 ಎಚ್‌ಪಿ ಬೇಕು. ಇದಕ್ಕಿಂತ ಹೆಚ್ಚು ಶಕ್ತಿ ಸೇರಿಸಿದರೆ ಅದು ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ಸೆವೆನ್‌ನ ಆಕಾರ ಗಾಳಿಗೆ ಇಟ್ಟಿಗೆ ಹಿಡಿದ ಹಾಗೆ. ಅದರ ಗಾಳಿತಡೆ ಗುಣಾಂಕ 0.7ರ ಆಸುಪಾಸು, ಈಗಿನ ಮಾಮೂಲು ಕಾರಿನದ್ದು 0.3ರ ಆಸುಪಾಸು. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. 160ರಿಂದ 200 ಕಿಮೀಗೆ ಹೋಗಲು ಗಾಳಿಗೇ ಹೆಚ್ಚುಕಡಿಮೆ ಎರಡು ಪಟ್ಟು ಶಕ್ತಿ ಸುರಿಯಬೇಕು. ಅಂದರೆ ಹೆಚ್ಚುವರಿಯಾಗಿ ಸೇರಿಸಿದ 100 ಎಚ್‌ಪಿಯನ್ನು ನೀವು ಉದ್ದ ನೇರ ದಾರಿಯ ಕೊನೆಯಲ್ಲಿ ಗಾಳಿಗೆ ಕೊಟ್ಟು ಬರುತ್ತೀರಿ. ಅದಕ್ಕಾಗಿ ಬಲವಾದ ಗೇರ್‌ಬಾಕ್ಸ್, ಡಿಫರೆನ್ಶಿಯಲ್ (ಹಿಂದಿನ ಎರಡು ಗಾಲಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆ), ಅಗಲ ಟೈರು, ದೊಡ್ಡ ರೇಡಿಯೇಟರ್ ಎಲ್ಲ ಬೇಕು, ಅವೆಲ್ಲ ತೂಕ. ಕೇಟರ್‌ಹ್ಯಾಮ್ 170ರಲ್ಲಿ ಇರುವುದು ಸುಜುಕಿಯ 660 ಸಿಸಿ ಟರ್ಬೊ ಎಂಜಿನ್, ಬರೀ 84 ಎಚ್‌ಪಿ; ಕಾರಿನ ತೂಕ 440 ಕೆಜಿ. ಅದನ್ನು ಸಣ್ಣ, ತಿರುವು ಜಾಸ್ತಿ ಇರುವ ಟ್ರ್ಯಾಕಿನಲ್ಲಿ ಓಡಿಸಿದವರು ಬೇಸರಪಟ್ಟಿದ್ದನ್ನು ನಾನು ಕಂಡಿಲ್ಲ. ಆದರೆ ಅದು ಸಣ್ಣ ಮೈಯವರ ಕಾರು, ನಿಮಗೆ ಹೇಳಿದ್ದಲ್ಲ.

ಈಗ ಒಳಗೆ ಕೂರುವ ವಿಚಾರ. ಇದನ್ನು ಫೋಟೊ ನೋಡಿ ತೀರ್ಮಾನಿಸಬೇಡಿ. ಟ್ರ್ಯಾಕಿನಲ್ಲಿ ಹಾಕುವ ಶೂ, ಹೆಲ್ಮೆಟ್ ಎರಡನ್ನೂ ತೆಗೆದುಕೊಂಡು ಹೋಗಿ. ಸ್ಟೀರಿಂಗ್ ಕಳಚುವ ತರಹದ್ದಾದರೆ ಕಳಚಿ, ಸೀಟಿನ ಮೇಲೆ ನಿಂತು ಕಾಲನ್ನು ಮುಂದಿನ ಸುರಂಗದೊಳಗೆ ಜಾರಿಸಿ ಇಳಿಯಿರಿ. ಮೊದಲು ಪಾದ ನೋಡಿ. ಕಿರಿದಾದ ಚಾಸಿಯಲ್ಲಿ ಮೂರು ಪೆಡಲು ಒಂದು ಕೈ ಅಗಲದೊಳಗೆ ಇರುತ್ತವೆ. ದಪ್ಪ ಅಟ್ಟೆಯ ಶೂ ಹಾಕಿದರೆ ಬ್ರೇಕ್ ಒತ್ತುವಾಗ ಆಕ್ಸಿಲರೇಟರೂ ಒತ್ತಿಹೋಗುತ್ತದೆ. ಕ್ಲಚ್‌ನ ಎಡಗಡೆ ಕಾಲಿಡಲು ಜಾಗವೇ ಇರುವುದಿಲ್ಲ, ಎಡಗಾಲು ಇಡೀ ಲ್ಯಾಪ್ ಪೆಡಲಿನ ಮೇಲೆ ತೂಗಾಡುತ್ತದೆ. ಆಮೇಲೆ ಮಂಡಿ. ಸ್ಟೀರಿಂಗ್ ಅರ್ಧ ಸುತ್ತು ತಿರುಗಿಸಿ, ಕೈಬೆರಳಿನ ಗೆಣ್ಣು ತೊಡೆಗೆ ತಾಗುತ್ತದೆಯೇ ನೋಡಿ. ತಾಗಿದರೆ ಕಾರು ಹಿಂದಿನಿಂದ ಜಾರಿದಾಗ ಸರಕ್ಕನೆ ಎದುರು ತಿರುಗಿಸಲು ಆಗುವುದಿಲ್ಲ.

ಕೊನೆಗೆ ತಲೆ, ಇದು ಎಲ್ಲಕ್ಕಿಂತ ಮುಖ್ಯ. ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿದು ಕೂತಿರಿ. ಜೊತೆಗೆ ಬಂದವರು ಒಂದು ಉದ್ದ ನೇರ ಕೋಲನ್ನು ರೋಲ್ ಬಾರ್‌ನ (ಪಲ್ಟಿಯಾದಾಗ ತಲೆ ಕಾಯುವ, ಸೀಟಿನ ಹಿಂದಿನ ಉಕ್ಕಿನ ಕಮಾನು) ತುದಿಯಿಂದ ಮುಂದೆ ಡ್ಯಾಶ್‌ಬೋರ್ಡಿನ ಮೇಲಿನ ಗಟ್ಟಿ ಭಾಗದವರೆಗೆ ಇಡಲಿ. ಹೆಲ್ಮೆಟ್ ಆ ಕೋಲಿಗಿಂತ 5 ಸೆಂಟಿಮೀಟರಾದರೂ ಕೆಳಗಿರಬೇಕು. ನಿಮ್ಮ ಎತ್ತರಕ್ಕೆ ಮಾಮೂಲಿ ರಸ್ತೆ ರೋಲ್ ಬಾರ್‌ನಲ್ಲಿ ಹೆಲ್ಮೆಟ್ ಕೋಲಿಗಿಂತ ಮೇಲೆ ಬರುವ ಸಂಭವವೇ ಹೆಚ್ಚು. ಕಾರು ಪಲ್ಟಿಯಾದರೆ ನೆಲಕ್ಕೆ ಮೊದಲು ತಾಗುವುದು ನಿಮ್ಮ ತಲೆ ಅಂತ ಅದರರ್ಥ. ಎತ್ತರದ ಟ್ರ್ಯಾಕ್ ರೋಲ್ ಬಾರ್ ಅಥವಾ ಪೂರ್ತಿ ಕೇಜ್, ತಗ್ಗಿಸಿದ ನೆಲ, ತೆಳು ಸೀಟು, ಇವುಗಳಿಂದ ಆ 5 ಸೆಂಟಿಮೀಟರ್ ಸಿಗದಿದ್ದರೆ ಆ ಕಾರನ್ನು ಬಿಟ್ಟುಬಿಡಿ. ಎಷ್ಟೇ ಚೆನ್ನಾಗಿರಲಿ, ಎಷ್ಟೇ ಅಗ್ಗವಾಗಿರಲಿ. ಇದರಲ್ಲಿ ನಾನು ಯಾವತ್ತೂ ಒಂದು ಮಿಲಿಮೀಟರ್ ಬಿಟ್ಟುಕೊಟ್ಟಿಲ್ಲ.

ಅದಕ್ಕೇ ಅಗಲ ಚಾಸಿ ಅಂದೆ. ಕೇಟರ್‌ಹ್ಯಾಮ್‌ನಲ್ಲಿ ಎಸ್‌ವಿ ಚಾಸಿ ಮಾಮೂಲಿಗಿಂತ ಸುಮಾರು 11 ಸೆಂಟಿಮೀಟರ್ ಅಗಲ. ವೆಸ್ಟ್‌ಫೀಲ್ಡ್‌ನಲ್ಲೂ ಅಗಲದ ಮಾದರಿ ಇದೆ. ತೂಕ ಸ್ವಲ್ಪ ಏರುತ್ತದೆ, ನಿಮ್ಮ ವಿಷಯದಲ್ಲಿ ಅದು ಸಾರ್ಥಕ. ಇವೂ ಇಕ್ಕಟ್ಟಾದರೆ ಸೆವೆನ್ ಕುಲದ ಆಚೆಗೂ ನೋಡಿ. ಮಜ್ದಾ ಎಮ್‌ಎಕ್ಸ್-5ರ ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಶನ್ ಎಲ್ಲವನ್ನೂ ಇದ್ದಹಾಗೆ ತೆಗೆದು ಪೈಪಿನ ಪಂಜರಕ್ಕೆ ಕೂರಿಸುವ ಎಕ್ಸೊಸೆಟ್ ಇದೆ. ತೂಕ 700 ಕೆಜಿ ಆಸುಪಾಸು, ಜಾಗ ಧಾರಾಳ, ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಅಮೆರಿಕದ ಫ್ಯಾಕ್ಟರಿ ಫೈವ್ ಕಂಪನಿಯ 818, ಸುಬಾರು ಇಂಪ್ರೆಜಾದ ಎಂಜಿನ್ ಹಿಂದೆ ಕೂರಿಸಿದ ಕಾರು. ತೂಕದ ಗುರಿ 818 ಕೆಜಿ, ಹೆಸರೂ ಅದರಿಂದಲೇ ಬಂದದ್ದು. ಎರಡರಲ್ಲಿ ನಾನಾದರೆ ಎಕ್ಸೊಸೆಟ್ ಆರಿಸುತ್ತೇನೆ, ಹಗುರ ಅನ್ನುವ ಒಂದೇ ಕಾರಣಕ್ಕೆ.

ಬೈಕ್ ಎಂಜಿನ್. ಇದರ ಮೋಹ ನನಗೆ ಚೆನ್ನಾಗಿ ಗೊತ್ತು. ಹಯಾಬುಸಾದಂಥ 1,300 ಸಿಸಿ ಎಂಜಿನ್ ಗೇರ್‌ಬಾಕ್ಸ್ ಸಮೇತ ಕಾರ್ ಎಂಜಿನ್ನಿಗಿಂತ ಎಷ್ಟೋ ಹಗುರ. ಸೀಕ್ವೆನ್ಶಿಯಲ್ ಗೇರು ಟಕ್ ಟಕ್ ಅಂತ ಬೀಳುತ್ತದೆ, ಸೂಜಿ 10,000 ದಾಟುತ್ತದೆ, ಕಿವಿಗೆ ಹಬ್ಬ. ಆದರೆ ಆ ಎಂಜಿನ್ ಬೈಕಿಗೆಂದು ಮಾಡಿದ್ದು. ಬೈಕು ತಿರುವಿನಲ್ಲಿ ವಾಲುತ್ತದೆ. ವಾಲಿದಾಗ ಸಂಪಿನೊಳಗಿನ (ಎಂಜಿನ್ ತಳದ ಆಯಿಲ್ ತೊಟ್ಟಿ) ಆಯಿಲ್ ಎಂಜಿನ್ನಿನ ತಳಕ್ಕೇ ಒತ್ತಿಕೊಂಡಿರುತ್ತದೆ. ಕಾರು ವಾಲುವುದಿಲ್ಲ. ಆಯಿಲ್ ಒಂದು ಪಕ್ಕಕ್ಕೆ ನುಗ್ಗುತ್ತದೆ, ಪಂಪ್ ಗಾಳಿ ಎಳೆಯುತ್ತದೆ, ಬೇರಿಂಗ್ ಒಣಗುತ್ತದೆ. ಹಾಗಾಗಿ ತಡೆಗೋಡೆ ಹಾಕಿದ ಸಂಪ್ ಅಥವಾ ಡ್ರೈ ಸಂಪ್ (ಆಯಿಲನ್ನು ಬೇರೆ ಟ್ಯಾಂಕಿನಲ್ಲಿ ಇಡುವ ಏರ್ಪಾಡು) ಇಲ್ಲದ ಬೈಕ್ ಎಂಜಿನ್ ಕಾರನ್ನು ಟ್ರ್ಯಾಕಿಗೆ ಇಳಿಸಲೇಬಾರದು. ಕ್ಲಚ್ ಕೂಡ 200 ಕೆಜಿ ಬೈಕನ್ನು ಎಳೆಯಲು ಮಾಡಿದ್ದು, ಪಿಟ್‌ನಿಂದ ಹೊರಡುವಾಗ ಸ್ವಲ್ಪ ಜಾಸ್ತಿ ಜಾರಿಸಿದರೂ ಸುಡುತ್ತದೆ. ರಿವರ್ಸ್ ಗೇರ್ ಇರುವುದಿಲ್ಲ, ಬೇರೆ ಪೆಟ್ಟಿಗೆಯನ್ನೋ ಎಲೆಕ್ಟ್ರಿಕ್ ಮೋಟಾರನ್ನೋ ಸೇರಿಸಬೇಕು. ಕೆಳಗಿನ ಆರ್‌ಪಿಎಮ್‌ನಲ್ಲಿ ಟಾರ್ಕ್ (ಎಳೆಯುವ ಬಲ) ಕಡಿಮೆ, ಹಾಗಾಗಿ ತಿರುವಿಗೆ ಒಂದು ಗೇರ್ ತಪ್ಪಿ ಹೋದರೆ ಕಾರು ಸತ್ತಂತಾಗುತ್ತದೆ. ನಿಮ್ಮ 88 ಕೆಜಿ ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಇದೆಲ್ಲ ಸರಿಯಾಗಿ ಕಟ್ಟಿದ ಕಾರಿನಲ್ಲಿ ಬಗೆಹರಿದಿರುತ್ತದೆ, ಅಂಥ ಕಾರು ಅದ್ಭುತವೇ. ಆದರೆ ಮೊದಲ ಕಿಟ್ ಕಾರಾಗಿ ಬೇಡ. ಫೋರ್ಡ್‌ನ 1.6 ಸಿಗ್ಮಾ, 2.0 ಡ್ಯುರಾಟೆಕ್, ಮಜ್ದಾ ಎಮ್‌ಎಕ್ಸ್-5ರ 1.8, ಇವು ಬಿಚ್ಚದೆ ವರ್ಷಗಟ್ಟಲೆ ಓಡುತ್ತವೆ. ಕಬ್ಬಿಣದ ಬ್ಲಾಕಿನ ಫೋರ್ಡ್‌ನ ಹಳೆ ಜೆಟೆಕ್ ಸ್ವಲ್ಪ ಭಾರ, ಆದರೂ ಗಟ್ಟಿ.

ಆಯಿಲ್ ಮಾತು ಬಂದಾಗ ನನ್ನದೇ ಒಂದು ನಷ್ಟ ಹೇಳಬೇಕು. ನನ್ನ ಮೊದಲ ಸೆವೆನ್‌ಗೆ ಎರಡು ಲೀಟರ್ ಕಾರ್ ಎಂಜಿನ್ ಇತ್ತು, ಸಂಪ್ ಮಾಮೂಲಿನದ್ದು. ಅಂಟು ಟೈರು ಹಾಕಿಸಿದ ಎರಡನೇ ದಿನ, ಒಂದು ಉದ್ದನೆಯ ಎಡ ತಿರುವು ದಾಟಿದ ಮೇಲೆ ಎಂಜಿನ್ ತಳದಿಂದ ಮರ ಬಡಿದಂಥ ಸದ್ದು ಶುರುವಾಯಿತು. ಕಾರು ನಿಲ್ಲಿಸಿದೆ, ತಡವಾಗಿತ್ತು. ಮನೆಗೆ ಬಂದು ಹಿಂದಿನ ಲ್ಯಾಪುಗಳ ವಿಡಿಯೊ ನಿಧಾನಕ್ಕೆ ಹಾಕಿ ನೋಡಿದರೆ, ಪ್ರತಿ ಸಲವೂ ಅದೇ ತಿರುವಿನ ನಡುವೆ ಆಯಿಲ್ ಪ್ರೆಶರ್ ಸೂಜಿ 4 ಬಾರ್‌ನಿಂದ ಒಂದರ ಹತ್ತಿರಕ್ಕೆ ಬಿದ್ದು, ನೇರ ದಾರಿಗೆ ಬಂದ ಕೂಡಲೇ ಎದ್ದು ನಿಲ್ಲುತ್ತಿತ್ತು. ತಿರುವಿನಲ್ಲಿ ಯಾರು ಮೀಟರ್ ನೋಡುತ್ತಾರೆ? ಟೈರಿನ ಹಿಡಿತ ಹೆಚ್ಚಿದಷ್ಟೂ ಆಯಿಲ್ ಪಕ್ಕಕ್ಕೆ ನುಗ್ಗುವುದೂ ಹೆಚ್ಚು. ಈಗ ನನ್ನ ಎಲ್ಲ ಕಾರುಗಳಲ್ಲೂ ತಡೆಗೋಡೆಯ ಸಂಪು, ಜೊತೆಗೆ ಪ್ರೆಶರ್ ಬಿದ್ದರೆ ಕಣ್ಣಿಗೆ ಹೊಡೆಯುವಂಥ ದೊಡ್ಡ ಕೆಂಪು ದೀಪ. ನೀವು ನೋಡುವ ಕಾರಿಗೆ ಇವಿಲ್ಲದಿದ್ದರೆ ಬೆಲೆಯಲ್ಲಿ ಅದರ ಖರ್ಚು ಕಳೆದು ಮಾತಾಡಿ, ಹಾಕಿಸದೆ ಟ್ರ್ಯಾಕಿಗೆ ಇಳಿಸಬೇಡಿ. ಪೆಟ್ರೋಲ್ ಟ್ಯಾಂಕೂ ಹೀಗೇ. ಕಾಲು ಟ್ಯಾಂಕಿಗಿಂತ ಕೆಳಗಿಳಿದರೆ ಉದ್ದ ತಿರುವಿನಲ್ಲಿ ಎಂಜಿನ್ ಮುಗ್ಗರಿಸಬಹುದು, ತುಂಬಿಸಿಕೊಂಡೇ ಇರಿ.

ಜೋಡಿಸುವುದೋ ಕೊಳ್ಳುವುದೋ? ಕಂಪನಿಯಿಂದ ಎಲ್ಲ ಭಾಗವೂ ಹೊಸದಾಗಿ ಬರುವ ಪೂರ್ತಿ ಕಿಟ್ಟಾದರೆ ನೂರು ತಾಸಿನ ಆಸುಪಾಸಿನಲ್ಲಿ ಮುಗಿಸಬಹುದು. ಹಳೆ ಕಾರು ಬಿಚ್ಚಿ, ಅದರ ಭಾಗ ತೊಳೆದು, ತುಕ್ಕು ಕೆರೆದು ಹಾಕುವುದಾದರೆ ಅದು ಹಲವು ನೂರು ತಾಸಿನ ಕೆಲಸ, ಅಂದರೆ ಒಂದೆರಡು ವರ್ಷದ ವಾರಾಂತ್ಯಗಳು. ಕಟ್ಟುವುದರ ಸುಖ ನಿಜವಾದದ್ದು. ನಾನು ಎರಡು ಕಟ್ಟಿದ್ದೇನೆ. ಒಂದೊಂದು ಬೋಲ್ಟಿನ ಜಾಗವೂ ಕತ್ತಲಲ್ಲಿ ಕೈಗೆ ಸಿಗುತ್ತದೆ. ಆದರೆ ನಿಮ್ಮ ಪತ್ರದಲ್ಲಿ ಕಾಣುವ ಹಸಿವು ಓಡಿಸುವುದರದ್ದು, ಕಟ್ಟುವುದರದ್ದಲ್ಲ. ಅದೂ ಅಲ್ಲದೆ ಅರ್ಧಕ್ಕೇ ನಿಂತ ಕಿಟ್ಟುಗಳು ಎಷ್ಟು ಶೆಡ್ಡುಗಳಲ್ಲಿ ಧೂಳು ತಿನ್ನುತ್ತಿವೆಯೋ. ರಸ್ತೆಯಲ್ಲೂ ಓಡಿಸಬೇಕಾದರೆ ನೋಂದಣಿ ಪರೀಕ್ಷೆ ಬೇರೆ. ಬ್ರಿಟನ್‌ನಲ್ಲಿ ಅದಕ್ಕೆ ಐವಿಎ ಅಂತಾರೆ, ಪ್ರತಿ ಚೂಪು ಅಂಚನ್ನೂ ಅಳೆದು ನೋಡುತ್ತಾರೆ. ಪ್ರತಿ ದೇಶದಲ್ಲೂ ನಿಯಮ ಬೇರೆ, ಕಿಟ್‌ಗೆ ಮುಂಗಡ ಕೊಡುವ ಮೊದಲೇ ನಿಮ್ಮಲ್ಲಿಯದ್ದನ್ನು ವಿಚಾರಿಸಿಕೊಳ್ಳಿ. ಕಟ್ಟಿದ ಕಾರು ಕೊಂಡರೆ ಈ ಜಂಜಾಟವೆಲ್ಲ ಇನ್ನೊಬ್ಬರು ದಾಟಿರುತ್ತಾರೆ.

ಕಟ್ಟಿದ ಕಾರು ನೋಡಲು ಹೋಗುವಾಗ ಟಾರ್ಚು, ಸಣ್ಣ ತಂತಿ ಬ್ರಷ್ಷು, ಮಂಡಿಗೆ ಹಾಸಲು ಒಂದು ಚೂರು ಕಂಬಳಿ ಇರಲಿ. ಹೊಳಪನ್ನು ನೋಡಬೇಡಿ. ಕಾರು ಎತ್ತಿಸಿ, ಗಾಲಿ ಬಿಚ್ಚಿಸಿ, ಸಸ್ಪೆನ್ಶನ್ ತೋಳುಗಳು ಚಾಸಿಗೆ ಸೇರುವ ಒಂದೊಂದು ಬ್ರಾಕೆಟ್ಟನ್ನೂ ನೋಡಿ. ಒಮ್ಮೆ ಒಬ್ಬರಿಗಾಗಿ ಕಾರು ನೋಡಲು ಹೋಗಿದ್ದೆ. ಹಿಂದಿನ ಕೆಳತೋಳಿನ ಬ್ರಾಕೆಟ್ ಹತ್ತಿರ ಪೇಂಟಿನ ಮೇಲೆ ಕೂದಲೆಳೆಯಷ್ಟು ಕಂದು ಗೆರೆ. ಬ್ರಷ್ಷಿನಿಂದ ಎರಡು ಸಲ ಉಜ್ಜಿದೆ, ಪೇಂಟ್ ಉದುರಿತು, ಗೆರೆ ಹಾಗೇ ಉಳಿಯಿತು: ಬೆಸುಗೆಯ ಅಂಚಿನಲ್ಲಿ ಪೈಪು ಬಿರುಕು ಬಿಟ್ಟಿತ್ತು. ಮಾರುವವರು ಒಳ್ಳೆಯ ಮನುಷ್ಯ, ಅವರಿಗೆ ಗೊತ್ತೇ ಇರಲಿಲ್ಲ. ಪೇಂಟಿನ ಮೇಲೆ ಕಂದು ಗೆರೆ ಕಂಡಲ್ಲೆಲ್ಲ ಉಜ್ಜಿ ನೋಡಿ. ಮನೆಯಲ್ಲಿ ಬೆಸೆದ ಚಾಸಿಯಾದರೆ ಇನ್ನೂ ಹೆಚ್ಚು ಹೊತ್ತು ಕೊಡಿ. ಅವುಗಳಲ್ಲಿ ಕಾರ್ಖಾನೆಯನ್ನೂ ಮೀರಿಸಿದ ಕೆಲಸವೂ ಇದೆ, ಹತ್ತಿರ ಹೋಗಲು ಹೆದರಿಕೆಯಾಗುವಂಥದ್ದೂ ಇದೆ.

ಹಿಂದಿನ ಆಕ್ಸಲ್ ಬಗ್ಗೆ ಜನ ಬಹಳ ವಾದ ಮಾಡುತ್ತಾರೆ. ಗಾಲಿಗಳನ್ನೂ ಡಿಫರೆನ್ಶಿಯಲ್ಲನ್ನೂ ಒಂದೇ ಗಟ್ಟಿ ದಿಂಡಿನಲ್ಲಿ ಹಿಡಿದಿಡುವ ಲೈವ್ ಆಕ್ಸಲ್ ಸರಳ, ಡಿಫರೆನ್ಶಿಯಲ್ಲನ್ನು ಚಾಸಿಗೆ ಕೂರಿಸಿ ಗಾಲಿಗಳನ್ನು ಒಂದು ಕೊಳವೆಯಿಂದ ಜೋಡಿಸುವ ಡಿ ಡಿಯಾನ್ ಅದಕ್ಕಿಂತ ಹದ, ಗಾಲಿಗಳು ಬೇರೆಬೇರೆಯಾಗಿ ಆಡುವ ಸ್ವತಂತ್ರ ಸಸ್ಪೆನ್ಶನ್ ಉಬ್ಬುತಗ್ಗಿನಲ್ಲಿ ಚೆನ್ನ. ನಯವಾದ ಟ್ರ್ಯಾಕಿನಲ್ಲಿ ಕಲಿಯುವವರಿಗೆ ಈ ವ್ಯತ್ಯಾಸಕ್ಕಿಂತ ಸಸ್ಪೆನ್ಶನ್ ಕೀಲುಗಳಲ್ಲಿರುವ ಬುಷ್ಷುಗಳು ಸವೆದಿವೆಯೋ ಇಲ್ಲವೋ ಅನ್ನುವುದೇ ದೊಡ್ಡದು. ಕೇಟರ್‌ಹ್ಯಾಮ್‌ನ ಡಿ ಡಿಯಾನ್ ಕಾರಾದರೆ ಕೆಳಗಿನ ಎ-ಫ್ರೇಮ್ ಬುಷ್ ಕೈಯಲ್ಲಿ ಅಲುಗಾಡಿಸಿ ನೋಡಿ.

ಬೆಲ್ಟಿನ ಮೇಲಿನ ತಾರೀಖು ಓದಿ. ಎಫ್‌ಐಎ (ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ) ಚೀಟಿಯಿರುವ ಹಾರ್ನೆಸ್‌ಗೆ, ಅಂದರೆ ರೇಸ್ ಬೆಲ್ಟಿಗೆ, ಅವಧಿ ಇರುತ್ತದೆ. ಆರು ಕಡೆ ಬಿಗಿಯುವ ಆರು ಪಾಯಿಂಟಿನದ್ದಾದರೆ ಒಳ್ಳೆಯದು, ಮುಂದೆ ಗುದ್ದಿದಾಗ ಸೊಂಟದ ಬೆಲ್ಟು ಹೊಟ್ಟೆಯ ಮೇಲಕ್ಕೆ ಜರುಗುವುದಿಲ್ಲ. ವಿಂಡ್‌ಶೀಲ್ಡ್ ಇಲ್ಲದ ಕಾರಾದರೆ ಮುಖ ಮುಚ್ಚುವ ಹೆಲ್ಮೆಟ್ ಬೇಕೇ ಬೇಕು. ಮುಂದಿನ ಕಾರು ಎಗರಿಸುವ ಕಲ್ಲು ನೇರ ಮುಖಕ್ಕೇ ಬರುತ್ತದೆ.

ಶಬ್ದದ ಮಿತಿಯನ್ನು ಹೊಸಬರು ಮರೆಯುತ್ತಾರೆ. ಟ್ರ್ಯಾಕಿಗೆ ಇಳಿಯುವ ಮೊದಲು ಎಂಜಿನ್ನನ್ನು ಗರಿಷ್ಠ ಆರ್‌ಪಿಎಮ್‌ನ ಮುಕ್ಕಾಲು ಭಾಗಕ್ಕೆ ಏರಿಸಿ, ಸೈಲೆನ್ಸರ್ ಬಾಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಲ್ಲಿ ಮೀಟರ್ ಹಿಡಿದು ಅಳೆಯುತ್ತಾರೆ. ಬ್ರಿಟನ್‌ನ ಅನೇಕ ಟ್ರ್ಯಾಕುಗಳಲ್ಲಿ ಮಿತಿ 98ರಿಂದ 105 ಡೆಸಿಬಲ್ ನಡುವೆ ಇರುತ್ತದೆ. ಸೆವೆನ್‌ನ ಸೈಲೆನ್ಸರ್ ಪಕ್ಕದಲ್ಲೇ ಬಾಯಿ ತೆರೆಯುವುದರಿಂದ, ಓಡುವಾಗ ಅಳೆಯುವ ಮೀಟರ್ ಟ್ರ್ಯಾಕಿನ ಆ ಪಕ್ಕದಲ್ಲೇ ಇದ್ದರೆ ಬೆಳಿಗ್ಗೆ ಪಾಸಾದ ಕಾರೂ ಮಧ್ಯಾಹ್ನ ಹೊರಗೆ ನಿಲ್ಲಬೇಕಾಗುತ್ತದೆ. ನೀವು ಹೋಗುವ ಟ್ರ್ಯಾಕಿನ ಸಂಖ್ಯೆ ಗೊತ್ತುಮಾಡಿಕೊಂಡು, ಮಾರುವವರ ಹತ್ತಿರ ಹಿಂದಿನ ಟ್ರ್ಯಾಕ್ ಡೇಯ ಶಬ್ದ ಪರೀಕ್ಷೆಯ ಚೀಟಿ ಕೇಳಿ.

ಕಾರು ತಂದ ಮೇಲೆ ಮೊದಲ ದಿನ ಏನನ್ನೂ ಬದಲಾಯಿಸಬೇಡಿ, ಟೈರಿನ ಗಾಳಿ ಒಂದನ್ನು ಬಿಟ್ಟು. ಹ್ಯಾಚ್‌ಬ್ಯಾಕಿನ ಅಭ್ಯಾಸದಲ್ಲಿ 30 ಪಿಎಸ್‌ಐ ತುಂಬಿಸಿದರೆ ಇಷ್ಟು ಹಗುರ ಕಾರಿನ ಟೈರು ನೆಲಕ್ಕೆ ಸರಿಯಾಗಿ ಕೂರುವುದೇ ಇಲ್ಲ, ಬಿಸಿಯೂ ಏರುವುದಿಲ್ಲ. ತಣ್ಣಗಿದ್ದಾಗ 18ರ ಆಸುಪಾಸಿನಿಂದ ಶುರುಮಾಡಿ, ಐದಾರು ಲ್ಯಾಪಿಗೊಮ್ಮೆ ಪಿಟ್‌ಗೆ ಬಂದು ಅಳೆಯಿರಿ. ಹೀಗೆ ಬಂದಾಗಲೆಲ್ಲ ನಟ್ಟುಗಳನ್ನೂ ನೋಡಿ. ಬಿಗಿ ಮಾಡಿದ ಪ್ರತಿ ಸಸ್ಪೆನ್ಶನ್ ನಟ್ಟಿನ ಮೇಲಿಂದ ಬೋಲ್ಟಿನ ತುದಿಯವರೆಗೆ ಬಿಳಿ ಪೇಂಟ್ ಪೆನ್ನಿನಿಂದ ಒಂದು ಗೆರೆ ಎಳೆದಿಟ್ಟರೆ ಸಾಕು, ನಟ್ಟು ಒಂದಿಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ, ಪಾನಾ ಹಿಡಿಯುವ ಮೊದಲೇ ಗೊತ್ತಾಗುತ್ತದೆ. ಎರಡು ಮೂರು ದಿನ ಓಡಿಸಿ ಕಾರು ಅರ್ಥವಾದ ಮೇಲೆ, ಸೀಟಿನಲ್ಲಿ ನೀವೇ ಕೂತು ನಾಲ್ಕೂ ಗಾಲಿಯ ಮೇಲೆ ಬೀಳುವ ತೂಕ ಹೊಂದಿಸಿ. ನಿಮ್ಮ ಹ್ಯಾಚ್‌ಬ್ಯಾಕಿನಲ್ಲಿ ನೀವು ಒಟ್ಟು ತೂಕದ ಶೇ 6ರಷ್ಟಿದ್ದಿರಿ, ಇಲ್ಲಿ ಶೇ 14. ನೀವಿಲ್ಲದೆ ಮಾಡಿದ ಹೊಂದಾಣಿಕೆ ಬೇರೆ ಯಾವುದೋ ಕಾರಿನದ್ದಾಗಿರುತ್ತದೆ. ಮಾರಿದವರು 65 ಕೆಜಿಯವರಾಗಿದ್ದರೆ ಅವರು ಮಾಡಿಟ್ಟದ್ದೂ ಅಷ್ಟೇ.